ಬಾಟಿ ಅಂದರೆ ರೊಟ್ಟಿ

ಹೋದ ಮಳೆಗಾಲದಲ್ಲಿ ಧಾರವಾಡದ ನನ್ನ ಕೋಣೆಗೆ, ಮುಂದೆ ಯಾವ ಕೆಲಸ ಹಿಡಿಯಬೇಕೆಂದು ಸಲಹೆ ಕೇಳಲು ಅಪ್ಪ, ಮಗಳು ಬಂದರು. ಗದಗ ಜಿಲ್ಲೆಯ ಒಂದು ಲಂಬಾಣಿ ತಾಂಡಾದವರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಗಳು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮುಗಿಸಿದ್ದಾಳೆ.

"ಸಪ್ತಾಪುರದಾಗ ಕೋಚಿಂಗಿಗೆ ಹಚ್ಚೀನಿ, ಸರ್ಕಾರಿ ಗುಮಾಸ್ತರ ಎಫ್‌ಡಿಎ ಪರೀಕ್ಷೆ ಬರೀಲಿ. ಈಕಿ ಶಾಲ್ಯಾಗ ಸಮಾನತೆ ತರ್ತೀನಿ ಅಂತಾಳ. ಅದಕ್ಕ ಪಗಾರ ಯಾರು ಕೊಡ್ತಾರ್ರಿ?" ಅಂದರು ಅಪ್ಪ. ಗೋವಾದಲ್ಲಿ ಕೂಲಿ ಮಾಡಿ ಓದಿಸಿದವರು. ಕೇಳುವುದು ಸರಿಯೇ ಅಲ್ವಾ?

ಅವಳು ಸುಮ್ನೆ ಒಂದು ನೋಟ್‌ಬುಕ್ ಮುಂದಿಟ್ಟಳು. ಕೆಲವು ತಿಂಗಳು ಒಂದು ಶಾಲೆಯಲ್ಲಿ ಪಾಠ ಮಾಡಿದ್ದಳಂತೆ. ಒಂದನೇ ತರಗತಿಯ ಹುಡುಗನಿಗೆ ರೊಟ್ಟಿ ಚಿತ್ರ ತೋರಿಸಿದಾಗ 'ಬಾಟಿ' ಅಂದ. ಲಂಬಾಣಿಯಲ್ಲಿ ರೊಟ್ಟಿಗೆ ಬಾಟಿ. ಕ್ಲಾಸೆಲ್ಲ ನಕ್ಕಿತು. ಆಮೇಲೆ ಅವನು ಬಾಯೇ ಬಿಡಲಿಲ್ಲ. 'ದಡ್ಡ' ಅಂತ ಹೆಸರು ಬಿತ್ತು. ಇವಳು ದಿನಾ ಊಟದ ಬಿಡುವಿನಲ್ಲಿ ಅವನ ಜೊತೆ ಕೂತು, ಎಡಕ್ಕೆ ಅವನ ಮಾತು, ಬಲಕ್ಕೆ ಕನ್ನಡ ಬರೆದಿದ್ದಳು. ಪಾಣಿ, ನೀರು. ಹೀಗೇ ಪುಟಗಟ್ಟಲೆ.

ನಾನು ಹೇಳಿದ್ದು ಇಷ್ಟು. 'ಸಮಾನತೆ ಅಧಿಕಾರಿ' ಅಂತ ಬೋರ್ಡ್ ಹುಡುಕಬೇಡ, ಈ ಕೆಲಸಕ್ಕೆ ನಮ್ಮಲ್ಲಿ ಬೇರೆ ಬೇರೆ ಹೆಸರಿವೆ. ಅಂಗವಿಕಲ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕಿಯ ಕೆಲಸ ಬೇಕೆಂದರೆ ವಿಶೇಷ ಬಿ.ಇಡಿ.ಯಂಥ ಕೋರ್ಸ್ ಮಾಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು, ಎಂಎಸ್‌ಡಬ್ಲ್ಯೂ ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ, ಹಾಗಾಗಿ ಕಲಿಯೋದು ಜಾಸ್ತಿ ಇದೆ. ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶಗಳಿವೆ. ಆದರೆ ಎಷ್ಟೋ ಕಡೆ ಅದು ಒಬ್ಬ ಮೇಷ್ಟರ ಹೆಗಲಿಗೆ ಬಿದ್ದ ಹೆಚ್ಚುವರಿ ಜವಾಬ್ದಾರಿ, ಅದನ್ನೇ ನಂಬಿ ಕೂರಬೇಡ. ನನಗೆ ಹೆಚ್ಚು ಸರಿ ಕಂಡದ್ದು ಸರ್ಕಾರಿ ಹಾಸ್ಟೆಲ್ ವಾರ್ಡನ್ ಹುದ್ದೆ. ಅದಕ್ಕೂ ಸ್ಪರ್ಧಾತ್ಮಕ ಪರೀಕ್ಷೆ ಉಂಟು, ಕೋಚಿಂಗ್ ದುಡ್ಡು ದಂಡವಾಗುವುದಿಲ್ಲ. ತಾಂಡಾದ ಮಕ್ಕಳು ಮನೆ ಬಿಟ್ಟು ಬಂದಾಗ ಮೊದಲು ಸಿಗುವವರೇ ವಾರ್ಡನ್.

ಎರಡು ವರ್ಷ ಗಡುವು ಹಾಕಿಕೊಂಡೆವು. ಅಲ್ಲಿಯವರೆಗೆ ಪರೀಕ್ಷೆ ಬರೆಯುವುದು, ಭಾನುವಾರ ತಾಂಡಾದಲ್ಲಿ ಮಕ್ಕಳ ಜೊತೆ ನೋಟ್‌ಬುಕ್ ಮುಂದುವರಿಸುವುದು. ನಾಳೆ ಸಂದರ್ಶನದಲ್ಲಿ ತೋರಿಸಲು ಅವಳ ಹತ್ತಿರ ಇರುವುದು ಅದೇ.

ಅಪ್ಪನಿಗೆ ಓದು ಬರಲ್ಲ. ಮಗಳ ಕೈಲಿ ಒಂದು ಪುಟ ಓದಿಸಿದರು. ನಡುವೆ ತಡೆದು, "ಹಂಗಲ್ಲ ಅದು," ಅಂತ ಒಂದು ಲಂಬಾಣಿ ಪದ ತಿದ್ದಿದರು. ಅವಳು ಪೆನ್ನಿಗೆ ಚೀಲ ತಡಕಾಡಿದಳು. ನಾನೇ ಕೊಟ್ಟೆ.