ಪಂಚಾಯಿತಿಯ ನಡವಳಿ ಪುಸ್ತಕ ನೋಡಲು ಸದಸ್ಯರೇ ಆಗಿರಬೇಕೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನವನು. ನಮ್ಮ ಕೇರಿಗೆ ಹಾಕಿದ ಕಾಂಕ್ರೀಟ್ ರಸ್ತೆಯ ಅಂಚು ಒಂದೇ ಮಳೆಗಾಲಕ್ಕೆ ಕಿತ್ತುಹೋಗಿದೆ. ಅದರ ಬಗ್ಗೆ ಚರ್ಚೆ ಇದೆಯೆಂದು ತಿಳಿದು ಪಂಚಾಯಿತಿಗೆ ಹೋದರೆ, ‘ಇದು ಸದಸ್ಯರ ಸಭೆ, ಹೊರಗಿರಿ’ ಎಂದರು. ನಡವಳಿಯ, ಅಂದರೆ ಸಭೆಯ ಚರ್ಚೆ-ತೀರ್ಮಾನಗಳ ದಾಖಲೆಯ, ಪ್ರತಿ ಕೇಳಿದರೆ, ‘ನಿಮಗೇಕೆ ಬೇಕು, ಕಾರಣ ಬರೆದುಕೊಡಿ’ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಮೊದಲಿಗೆ ಸಭೆಯ ವಿಚಾರ. ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆ ಬೇರೆ, ಗ್ರಾಮ ಸಭೆ ಬೇರೆ. ಮೊದಲನೆಯದು ಚುನಾಯಿತ ಸದಸ್ಯರು ಕುಳಿತು ತೀರ್ಮಾನ ಕೈಗೊಳ್ಳುವ ಸಭೆ. ಎರಡನೆಯದು ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರ ಸಭೆ; ಅಲ್ಲಿ ನೀವೇ ಸದಸ್ಯರು, ಆದ್ದರಿಂದ ಯಾರ ಅಪ್ಪಣೆಯೂ ಬೇಕಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಗ್ರಾಮ ಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕು. ರಸ್ತೆಯ ವಿಷಯವನ್ನು ಅಲ್ಲಿ ಎತ್ತಿ, ಅದು ನಡವಳಿಯಲ್ಲಿ ದಾಖಲಾಯಿತೇ ಎಂದು ಆಗಲೇ ವಿಚಾರಿಸಿಕೊಳ್ಳಿ. ಬಾಯಲ್ಲಿ ಆಡಿದ್ದು ಪುಸ್ತಕಕ್ಕೆ ಇಳಿಯದಿದ್ದರೆ ಮುಂದಿನ ಸಭೆಯ ಹೊತ್ತಿಗೆ ಅದನ್ನು ಆಡಿದ್ದೇ ಇಲ್ಲವೆಂದಾಗುತ್ತದೆ.

ಸಾಮಾನ್ಯ ಸಭೆಗೆ ಸಂಬಂಧಿಸಿದಂತೆ ಹೆಚ್ಚಿನವರು ಗಮನಿಸದ ಅವಕಾಶವೊಂದು ಮಾಹಿತಿ ಹಕ್ಕು ಅಧಿನಿಯಮ, 2005ರಲ್ಲಿದೆ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ಯಾರೂ ಕೇಳದೆಯೇ ಪ್ರಕಟಿಸಬೇಕಾದ ಮಾಹಿತಿಯ ಪಟ್ಟಿ 4(1)(ಬಿ) ಪ್ರಕರಣದಲ್ಲಿದ್ದು (ಸೆಕ್ಷನ್), ಅದರ ಎಂಟನೆಯ ಅಂಶವು ಆ ಸಂಸ್ಥೆಯ ಮಂಡಳಿ, ಸಮಿತಿಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ಅವುಗಳ ನಡವಳಿಗಳು ಸಾರ್ವಜನಿಕರಿಗೆ ದೊರೆಯುತ್ತವೆಯೇ ಎಂಬ ವಿವರವನ್ನು ಕೊಡಬೇಕೆನ್ನುತ್ತದೆ. ಬಾಗಿಲಲ್ಲಿ ನಿಂತು ವಾದಿಸುವುದಕ್ಕಿಂತ ಈ ಪ್ರಕಟಣೆಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳುವುದು ಮೇಲು. ಪ್ರಕಟಣೆಯೇ ಇಲ್ಲದಿದ್ದರೆ ಆ ಲೋಪವೂ ನಿಮ್ಮ ಮೇಲ್ಮನವಿಗೆ ಆಧಾರವಾಗುತ್ತದೆ.

ಇನ್ನು ದಾಖಲೆಯ ವಿಚಾರ. ಮಾಹಿತಿ ಕೇಳುವವರು ಕಾರಣ ಕೊಡಬೇಕಿಲ್ಲ ಎಂದು 6(2) ಪ್ರಕರಣ ಸ್ಪಷ್ಟವಾಗಿ ಹೇಳಿದೆ; ನಿಮ್ಮನ್ನು ಸಂಪರ್ಕಿಸಲು ಬೇಕಾದಷ್ಟು ವಿವರ ಕೊಟ್ಟರೆ ಸಾಕು. ಈ ಹಕ್ಕು ಎಲ್ಲ ನಾಗರಿಕರದ್ದಾದ್ದರಿಂದ ನೀವು ಸದಸ್ಯರಲ್ಲ ಎಂಬುದು ನಿರಾಕರಣೆಗೆ ಕಾರಣವಾಗದು. ಆದರೆ ಅರ್ಜಿ ಬರೆಯುವ ರೀತಿಯಲ್ಲಿ ನಮ್ಮವರು ಎಡವುವುದೇ ಹೆಚ್ಚು. ‘ರಸ್ತೆ ಏಕೆ ಹಾಳಾಯಿತು, ಯಾರು ಹೊಣೆ’ ಎಂದು ಕೇಳಿದರೆ ಅದಕ್ಕೆ ಉತ್ತರವಾಗುವ ದಾಖಲೆ ಇಲ್ಲವೆಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುತ್ತದೆ, ಮತ್ತು ಆ ಹಿಂಬರಹ ತಪ್ಪೆಂದು ಹೇಳುವುದೂ ಕಷ್ಟ. ಕಾಗದಕ್ಕೆ ಕಚೇರಿಯಲ್ಲಿ ಯಾವ ಹೆಸರಿದೆಯೋ ಅದೇ ಹೆಸರಿನಿಂದ ಕೇಳಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: ‘ನಮ್ಮ ಕೇರಿಯಲ್ಲಿ ಇಂಥ ಸಾಲಿನಲ್ಲಿ ನಿರ್ವಹಿಸಿದ ಕಾಂಕ್ರೀಟ್ ರಸ್ತೆ ಕಾಮಗಾರಿಗೆ ಸಂಬಂಧಿಸಿದ ಕ್ರಿಯಾ ಯೋಜನೆ, ಸಭಾ ನಡವಳಿ, ಅಂದಾಜುಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲು ಹಾಗೂ ವೋಚರುಗಳನ್ನು ಪರಿಶೀಲಿಸಲು ಅವಕಾಶ ನೀಡಿ, ನಾನು ಗುರುತಿಸುವ ಪುಟಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕು.’ ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬ ಕಟ್ಟುಪಾಡು ಇರುವುದರಿಂದ ಬೀದಿದೀಪದ ದೂರನ್ನು ಇದಕ್ಕೆ ಸೇರಿಸಬೇಡಿ. ಅರ್ಜಿ ಶುಲ್ಕ 10 ರೂಪಾಯಿ. ಎ4 ಅಳತೆಯ ಪ್ರತಿ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ.

ಈ ದಾಖಲೆಗಳಲ್ಲಿ ನಿಮ್ಮ ಕೆಲಸಕ್ಕೆ ಬರುವುದು ಮುಖ್ಯವಾಗಿ ಅಳತೆ ಪುಸ್ತಕ, ಅಂದರೆ ಎಲ್ಲರೂ ಎಂ.ಬಿ. ಎನ್ನುವ ಪುಸ್ತಕ. ರಸ್ತೆಯ ಉದ್ದ, ಅಗಲ, ದಪ್ಪವನ್ನು ಇಂಜಿನಿಯರ್ ಅಳೆದು ಬರೆದು ಸಹಿ ಮಾಡಿರುವುದು ಅದರಲ್ಲೇ, ಬಿಲ್ಲು ಪಾಸಾಗುವುದೂ ಅದರ ಆಧಾರದ ಮೇಲೆಯೇ. ಕಿತ್ತುಹೋದ ಅಂಚಿನಲ್ಲಿ ಕಾಂಕ್ರೀಟಿನ ದಪ್ಪ ಬರಿಗಣ್ಣಿಗೇ ಕಾಣುತ್ತಿರುತ್ತದೆ. ನಾಲ್ಕಾರು ಕಡೆ ಟೇಪು ಹಿಡಿದು ಅಳೆದು, ಆ ಪುಟದೊಂದಿಗೆ ತಾಳೆ ನೋಡಿ. ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ 2(ಜೆ) ಪ್ರಕರಣದಲ್ಲಿ ಸೇರಿದೆ. ಅದನ್ನು ಬಳಸುವವರು ವಿರಳ.

ಅರ್ಜಿಯನ್ನು ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಯಾದ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ‘ಸಾಹೇಬರು ತಾಲ್ಲೂಕು ಮೀಟಿಂಗಿಗೆ ಹೋಗಿದ್ದಾರೆ’ ಎಂಬ ಮಾತು ಎರಡನೇ ಸಲವೂ ಕೇಳಿಬಂದರೆ ಸ್ಪೀಡ್ ಪೋಸ್ಟೇ ಸರಿ. 30 ದಿನಗಳೊಳಗೆ ಉತ್ತರ ಬರಬೇಕು. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕಾಗುತ್ತದೆ. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿರದಿದ್ದರೆ ಮುಂದಿನ 30 ದಿನಗಳೊಳಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಸಕಾರಣವಿಲ್ಲದ ವಿಳಂಬಕ್ಕೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸಬಲ್ಲದು. ಆದರೆ ಆಯೋಗದ ಸರದಿ ಉದ್ದವಾಗಿರುತ್ತದೆ; ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ.

ಅರ್ಜಿಯ ಗೊಡವೆಯೇ ಇಲ್ಲದ ಇನ್ನೊಂದು ದಾರಿಯೂ ಇದೆ. ಜಮಾಬಂದಿ ಎಂದೊಡನೆ ಕಂದಾಯ ಇಲಾಖೆಯ ನೆನಪಾಗುವುದು ಸಹಜ, ಆದರೆ ಪಂಚಾಯಿತಿಗಳಲ್ಲೂ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯುತ್ತದೆ. ಹಿಂದಿನ ಸಾಲಿನ ಲೆಕ್ಕಪತ್ರ ಮತ್ತು ಕಾಮಗಾರಿಗಳ ಕಡತಗಳನ್ನು ಅಂದು ಜನರ ಮುಂದಿಡಬೇಕು. ನಮ್ಮ ಕಡೆ ಆ ಹೊತ್ತಿಗೆ ಮಳೆಯೂ ತೋಟದ ಕೆಲಸವೂ ಇರುವುದರಿಂದ ಹೋಗುವವರು ಕಡಿಮೆ. ಅಂದು ನಾಲ್ಕು ಜನ ಒಟ್ಟಿಗೆ ಹೋದರೆ ಕಡತ ನಿಧಾನವಾಗಿ ನೋಡಲು ಸಿಗುತ್ತದೆ.

ಪ್ರಶ್ನೆ: ನಮ್ಮ ಪಟ್ಟಣದಲ್ಲಿ ಚರಂಡಿ ಕಾಮಗಾರಿಯ ಬಿಲ್ಲುಗಳನ್ನು ಕೇಳಿದ್ದಕ್ಕೆ, ಗುತ್ತಿಗೆದಾರರ ಒಪ್ಪಿಗೆ ಇಲ್ಲದ್ದರಿಂದ ಕೊಡಲಾಗದು ಎಂದು ಉತ್ತರ ಬಂದಿದೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಮೂರನೆಯವರು ಗೌಪ್ಯವೆಂದು ಕೊಟ್ಟ ಮಾಹಿತಿಯಾಗಿದ್ದರೆ ಮಾತ್ರ 11ನೇ ಪ್ರಕರಣದಂತೆ ಅವರಿಗೆ ನೋಟಿಸು ಕೊಟ್ಟು ಅಭಿಪ್ರಾಯ ಕೇಳಬೇಕಾಗುತ್ತದೆ. ಆ ಅಭಿಪ್ರಾಯವನ್ನು ಪರಿಗಣಿಸಬೇಕೇ ಹೊರತು ಅದೇ ತೀರ್ಪಲ್ಲ, ತೀರ್ಮಾನ ಅಧಿಕಾರಿಯದ್ದು. ಸಾರ್ವಜನಿಕ ಹಣ ಪಾವತಿಯಾದ ಬಿಲ್ಲನ್ನು ವ್ಯಾಪಾರ ರಹಸ್ಯವೆಂದು ಒಪ್ಪಿಸುವುದು ಸುಲಭವಲ್ಲ. ನಿರಾಕರಿಸುವವರು 8ನೇ ಪ್ರಕರಣದ ಯಾವ ವಿನಾಯಿತಿ ಅನ್ವಯಿಸುತ್ತದೆ, ಏಕೆ ಅನ್ವಯಿಸುತ್ತದೆ ಎಂಬುದನ್ನು ಬರೆಯಬೇಕು. ನಿಮಗೆ ಬಂದ ಪತ್ರದಲ್ಲಿ ಅದು ಇಲ್ಲದಿದ್ದರೆ ಮೇಲ್ಮನವಿಯ ಮೊದಲ ವಾಕ್ಯ ಅದೇ ಆಗಿರಲಿ, ಮತ್ತು ಪತ್ರ ಕೈಸೇರಿದ ದಿನಾಂಕ ಕಾಣುವಂತೆ ಲಕೋಟೆಯನ್ನೂ ಜೋಪಾನವಾಗಿಡಿ. 30 ದಿನಗಳ ಎಣಿಕೆ ಅಲ್ಲಿಂದಲೇ ಶುರುವಾಗುತ್ತದೆ.