ಬೆಳಿಗ್ಗೆ 27, ಸಂಜೆ 24 ತೋರಿಸಿದರೆ ಮಷೀನ್ ಕೆಟ್ಟಿದೆ ಅಂತಲ್ಲ

ಸರ್, ಬೆಳಿಗ್ಗೆ ಎದ್ದಾಗ ಕೊಬ್ಬು ಶೇ. 27, ಸಂಜೆ ಉಣಕಲ್ ಕೆರೆ ಸುತ್ತಿ ಬಂದ ಮೇಲೆ ಶೇ. 24 ತೋರಿಸುತ್ತೆ, ಸ್ಮಾರ್ಟ್ ತೂಕದ ಮಷೀನ್ ವಾಪಸ್ ಕೊಡಲಾ ಅಂತ ಕೇಳಿದ್ದೀರಿ. ಬೇಡ. ಒಂದು ವಾಕಿಂಗ್‌ನಲ್ಲಿ ಅಷ್ಟು ಕರಗೋ ಹಾಗಿದ್ರೆ ಧಾರವಾಡ ಪೇಡೆಗೆ ಯಾರೂ ಹೆದರ್ತಿರಲಿಲ್ಲ, ಅಲ್ವಾ?

ಆ ಮಷೀನ್ ಕೊಬ್ಬನ್ನು ನೇರವಾಗಿ ಅಳೆಯೋದೇ ಇಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಬಿಟ್ಟು, ತಡೆ ಎಷ್ಟಿದೆ ಅಂತ ನೋಡುತ್ತೆ. ನೀರು ಜಾಸ್ತಿ ಇರುವ ಸ್ನಾಯುವಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತೆ, ಕೊಬ್ಬಿನಲ್ಲಿ ಕಷ್ಟ. ಉಳಿದದ್ದು ನೀವು ಆ್ಯಪ್‌ಗೆ ಕೊಟ್ಟ ಎತ್ತರ, ವಯಸ್ಸಿನ ಮೇಲೆ ಹಾಕಿದ ಲೆಕ್ಕ. ರಾತ್ರಿಯೆಲ್ಲ ನೀರು ಕುಡಿಯದ ಮೈ, ತಣ್ಣಗಿನ ಒಣ ಪಾದ ಅಂದರೆ ತಡೆ ಜಾಸ್ತಿ, ಕೊಬ್ಬಿನ ಅಂಕಿಯೂ ಜಾಸ್ತಿ. ಸಂಜೆ ಬೆವೆತ ಬಿಸಿ ಪಾದಕ್ಕೆ ಕಡಿಮೆ. ಕರೆಂಟ್ ಹೆಚ್ಚಾಗಿ ಕಾಲಲ್ಲೇ ಓಡಾಡುತ್ತೆ. ಹಾಗಾಗಿ ಹೊಟ್ಟೆ ಬೊಜ್ಜಿನ ಅಂಕಿಯನ್ನು ನಾನಂತೂ ನಂಬಲ್ಲ, ಅದಕ್ಕೆ ಟೇಲರ್ ಟೇಪೇ ವಾಸಿ.

ಅದಕ್ಕೇ ದಿನಾ ಒಂದೇ ಹೊತ್ತಿಗೆ ನೋಡಿ: ಬೆಳಿಗ್ಗೆ ಸಂಡಾಸಕ್ಕೆ ಹೋಗಿ ಬಂದು, ಚಹಾಕ್ಕೆ ಮುಂಚೆ, ಬರಿಗಾಲಲ್ಲಿ ನಿಲ್ಲಿ. ನಮ್ಮ ಕಡೆ ಹಳೇ ಮನೆಗಳ ಫರಸಿ ಎಲ್ಲ ಕಡೆ ಸಮ ಇರಲ್ಲ, ಮಷೀನಿನ ನಾಲ್ಕೂ ಕಾಲು ಊರುವ ಜಾಗ ಹುಡುಕಿ. ದಿನದ ಅಂಕಿ ಬಿಡಿ, ವಾರದ ಸರಾಸರಿ ನೋಡಿ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಮಾತ್ರ ಅದರ ಮೇಲೆ ಹತ್ತಿಸಬೇಡಿ.