ವಿಡಿಯೊ ಪಾಠದ ಜೊತೆಗೆ ಅಧ್ಯಾಪಕರು ಮಾಡಬೇಕಾದದ್ದು

ಪ್ರಥಮ ದರ್ಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಬೋಧಿಸುವ ಓದುಗರೊಬ್ಬರ ಪತ್ರ: ‘ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ (R) ತಂತ್ರಾಂಶ ಕಲಿಸಲು ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ವಿಡಿಯೊ ಪಾಠಗಳನ್ನು ಬಳಸುವಂತೆ ಸೂಚನೆ ಬಂತು. ಪ್ರೊಜೆಕ್ಟರ್‌ನಲ್ಲಿ ತೋರಿಸಿದೆ. ವಿದ್ಯಾರ್ಥಿಗಳು ನೋಡಿದರು, ಕಲಿಯಲಿಲ್ಲ. ವಿಡಿಯೊ ಇರುವಾಗ ತರಗತಿಯಲ್ಲಿ ನನ್ನ ಕೆಲಸವಾದರೂ ಏನು?’

ಸಂಪಾದಕರ ಉತ್ತರ: ಈ ಪಾಠಗಳು ಎಲ್ಲರೂ ಒಟ್ಟಿಗೆ ಕುಳಿತು ನೋಡಲೆಂದು ರೂಪಿಸಿದವಲ್ಲ. ಪರದೆಯ ಒಂದು ಬದಿಗೆ ಸುಮಾರು ಹತ್ತು ನಿಮಿಷದ ಪಾಠ, ಇನ್ನೊಂದು ಬದಿಗೆ ತಂತ್ರಾಂಶ ತೆರೆದಿಟ್ಟುಕೊಂಡು, ಒಂದು ಹೆಜ್ಜೆ ಕೇಳಿ, ಅಲ್ಲಿಗೆ ನಿಲ್ಲಿಸಿ, ಅದನ್ನೇ ತಾನೂ ಮಾಡಿ, ಬಂದ ಫಲಿತಾಂಶವನ್ನು ಹೋಲಿಸಿ ನೋಡಿ ಮುಂದುವರಿಯುವುದು ಅವುಗಳ ಕ್ರಮ. ಕಲಿಯುವವರ ವೇಗ ಒಬ್ಬರಿಗಿಂತ ಒಬ್ಬರದು ಬೇರೆಯಾದ್ದರಿಂದ ಪ್ರೊಜೆಕ್ಟರ್ ಇಲ್ಲಿ ಅಡ್ಡಿಯೇ ಆಗುತ್ತದೆ. ಕಂಪ್ಯೂಟರ್ ಸಾಲದಿದ್ದರೆ ಇಬ್ಬಿಬ್ಬರನ್ನು ಕೂರಿಸಿ. ಇಂಟರ್ನೆಟ್ ನಂಬುವಂತಿಲ್ಲದಿದ್ದರೆ ಪಾಠಗಳನ್ನು ಮೊದಲೇ ಇಳಿಸಿಡಿ. ಹಲವು ಪಾಠಗಳಿಗೆ ಕನ್ನಡ ನಿರೂಪಣೆಯಿದ್ದು, ನೀವು ಆರಿಸಿದ್ದಕ್ಕೆ ಅದು ಲಭ್ಯವಿದ್ದರೆ ಕನ್ನಡ ಮಾಧ್ಯಮದಿಂದ ಬಂದವರಿಗೆ ದೊಡ್ಡ ಆಸರೆಯಾಗುತ್ತದೆ.

ನಿಮ್ಮ ನಿಜವಾದ ಕೆಲಸ ಆಮೇಲಿನದು. ವಿಡಿಯೊದ ಉದಾಹರಣೆಯನ್ನು ಹಾಗೆಯೇ ಅನುಸರಿಸಿದವರಿಗೆ ನಿಮ್ಮ ತಾಲ್ಲೂಕಿನ ಮಳೆಯ ಅಂಕಿಗಳನ್ನು, ನಡುವೆ ಕೆಲವು ತಿಂಗಳ ಮಾಹಿತಿ ಇಲ್ಲದಂತೆಯೇ, ಕೊಟ್ಟು ಸರಾಸರಿ ಕೇಳಿ. ಸರಾಸರಿ ಲೆಕ್ಕ ಹಾಕುವ ಆರ್‌ನ ‘ಮೀನ್’ (mean) ಆದೇಶವು ಸಂಖ್ಯೆಯ ಬದಲು ‘ಎನ್‌ಎ’ (NA), ಅಂದರೆ ಮಾಹಿತಿ ಲಭ್ಯವಿಲ್ಲ, ಎಂದು ಉತ್ತರಿಸುತ್ತದೆ. ಖಾಲಿ ಜಾಗಗಳನ್ನು ಬಿಟ್ಟು ಲೆಕ್ಕ ಹಾಕು ಎಂದು ಹೇಳುವ ಆಯ್ಕೆಯನ್ನು ಬಹುತೇಕರು ಬೇಗ ಹುಡುಕಿಕೊಳ್ಳುತ್ತಾರೆ. ಆದರೆ ಬಿಟ್ಟುಹೋದವು ಜೂನ್, ಜುಲೈ ತಿಂಗಳುಗಳಾಗಿದ್ದರೆ ಆ ಸರಾಸರಿಯನ್ನು ನಂಬಬಹುದೇ ಎಂಬ ಪ್ರಶ್ನೆಯನ್ನು ಯಾವ ವಿಡಿಯೊವೂ ನಿಮ್ಮ ವಿದ್ಯಾರ್ಥಿಗೆ ಕೇಳುವುದಿಲ್ಲ. ಅಲ್ಲಿಂದ ಸಂಖ್ಯಾಶಾಸ್ತ್ರ ಶುರುವಾಗುತ್ತದೆ, ಅದನ್ನು ಕಲಿಸಲು ನೀವೇ ಬೇಕು. ಆದೇಶಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದ ಸಮಯವನ್ನು ವಿಡಿಯೊ ನಿಮಗೆ ಉಳಿಸಿಕೊಡುತ್ತದೆ; ಆ ಸಮಯವನ್ನು ಒಬ್ಬೊಬ್ಬರ ಪಕ್ಕ ನಿಂತು ಅವರು ಎಲ್ಲಿ ತಪ್ಪುತ್ತಿದ್ದಾರೆಂದು ಗುರುತಿಸುವುದಕ್ಕೆ ಬಳಸಿ.

ಸೂಚನೆ ಕೊಟ್ಟವರಿಗೂ ಒಂದು ಮಾತು. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ (SWAYAM) ವೇದಿಕೆಯ ಕೋರ್ಸುಗಳಿಗೆ ಕ್ರೆಡಿಟ್ ಕೊಡುವುದು, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಾವಳಿ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ 40ರವರೆಗೆ ಅನುಮತಿಸಿರುವ ವ್ಯವಸ್ಥೆ, ಬೇರೆ. ಅಧ್ಯಾಪಕರು ತಮ್ಮದೇ ಕೋರ್ಸಿನೊಳಗೆ ಆನ್‌ಲೈನ್ ಪಾಠವನ್ನು ಹೆಣೆಯುವುದು ಬೇರೆ. ಎರಡನೆಯದರಲ್ಲಿ ಅಧ್ಯಾಪಕರ ಹೊರೆ ಕಡಿಮೆಯಾಗುವುದಿಲ್ಲ. ಪಾಠಗಳನ್ನು ಮೊದಲು ತಾವೇ ಮಾಡಿ ನೋಡಬೇಕು, ಪಠ್ಯಕ್ರಮದ ಯಾವ ವಾರಕ್ಕೆ ಯಾವುದು ಹೊಂದುತ್ತದೆಂದು ನಿರ್ಧರಿಸಬೇಕು, ಅಂಕಿಅಂಶ ಸಿದ್ಧಪಡಿಸಬೇಕು. ಈ ಗಂಟೆಗಳನ್ನು ಕಾರ್ಯಭಾರದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಇನ್ನೊಂದು ಕಾರ್ಯಾಗಾರಕ್ಕೆ ಕಳುಹಿಸಿದರೆ ಪ್ರಮಾಣಪತ್ರವಷ್ಟೇ ಹೆಚ್ಚುತ್ತದೆ.

(ಮತ್ತೆ ಪತ್ರ ಬರೆದ ಅಧ್ಯಾಪಕರಿಗೆ) ನಿಮ್ಮ ಇಡೀ ಕೋರ್ಸನ್ನು ಒಮ್ಮೆಗೇ ಬದಲಿಸಲು ಹೋಗಬೇಡಿ. ಈ ಸೆಮಿಸ್ಟರ್‌ನಲ್ಲಿ ಒಂದೇ ಘಟಕ ಆರಿಸಿ, ಗಣಕ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಪ್ರಯೋಗಾಲಯಕ್ಕೆ ಜೊತೆಗೆ ಕರೆಯಿರಿ. ಪರೀಕ್ಷೆಯಲ್ಲೂ ವಿಡಿಯೊದಲ್ಲಿಲ್ಲದ ದತ್ತಾಂಶವನ್ನೇ ಕೊಡಿ.